ತೊಟ್ಟಿಯ ಜಾವಾ ಮಾಸ್ ಕಂದುತ್ತಿದೆ, ಏನು ಮಾಡಲಿ?

ಪ್ರಶ್ನೆ: ನಾನು ಮಂಡ್ಯದವನು. ಹಜಾರದಲ್ಲಿ ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಅಕ್ವೇರಿಯಂ ಇಟ್ಟಿದ್ದೇನೆ. ಇಪ್ಪತ್ತರಷ್ಟು ಗಪ್ಪಿ, ಎರಡು ಗೋಲ್ಡ್‌ಫಿಶ್ ಇವೆ. ಮೈಸೂರಿನಿಂದ ಜಾವಾ ಮಾಸ್ ಎಂಬ, ನೀರಿನೊಳಗೆ ಬೆಳೆಯುವ ಸಣ್ಣ ಹಸಿರು ಗಿಡ ತಂದು ಮರದ ಬೊಡ್ಡೆಗೆ ಸುತ್ತಿ ಕಟ್ಟಿದೆ. ಮೊದಮೊದಲು ಚೆನ್ನಾಗಿತ್ತು. ಈಗ ಒಳಭಾಗ ಕಂದುಬಣ್ಣಕ್ಕೆ ತಿರುಗಿದೆ, ತುದಿಗಳಲ್ಲಿ ಕಪ್ಪು ಕೂದಲಿನಂಥದ್ದು ಬೆಳೆದಿದೆ, ತುಂಡುಗಳು ಕಿತ್ತುಬಂದು ಫಿಲ್ಟರ್‌ಗೆ ಸಿಕ್ಕಿಕೊಳ್ಳುತ್ತಿವೆ. ದೀಪ ಬೆಳಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಉರಿಯುತ್ತದೆ. ನಮ್ಮದು ಕೊಳವೆಬಾವಿ ನೀರು, ಟಿಡಿಎಸ್ (ಕರಗಿದ ಲವಣಗಳ ಪ್ರಮಾಣ) 620. ಆರ್‌ಒ ನೀರು, ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್, ದ್ರವ ಗೊಬ್ಬರ ಮೂರೂ ಇಲ್ಲದೆ ಮಾಸ್ ಬೆಳೆಯದು ಎಂದು ಅಂಗಡಿಯವರು ಹೇಳುತ್ತಾರೆ. ಹೌದೇ? ಮಗ ಮಡಿಕೇರಿ ಕಡೆಯಿಂದ ಬಂಡೆಯ ಮೇಲೆ ಬೆಳೆದಿದ್ದ ಮಾಸ್ ತಂದಿದ್ದಾನೆ, ಅದನ್ನು ಹಾಕಬಹುದೇ?

ಉತ್ತರ: ಮೂರರಲ್ಲಿ ಒಂದನ್ನೂ ಕೊಳ್ಳಬೇಡಿ. ನಿಮ್ಮ ಮಾಸ್‌ಗೆ ಯಾವುದರ ಕೊರತೆಯೂ ಇಲ್ಲ. ಬೆಳಕು ಹೆಚ್ಚು, ಮೀನಿನ ಕೊಳೆ ಹೆಚ್ಚು, ಕಟ್ಟಿದ ಮಾಸ್‌ನ ದಪ್ಪವೂ ಹೆಚ್ಚು. ಈ ಮೂರನ್ನೂ ತಗ್ಗಿಸಲು ಬೇಕಾದ ಸಾಮಾನುಗಳು ಒಂದು ಚೂಪಾದ ಕತ್ತರಿ ಮತ್ತು ದೀಪಕ್ಕೊಂದು ಟೈಮರ್. ಕತ್ತರಿ ಮನೆಯಲ್ಲೇ ಇರುತ್ತದೆ.

ಮಾಸ್‌ಗೆ ನಿಜವಾದ ಬೇರಿಲ್ಲ. ಬೇರಿನಂತೆ ಕಾಣುವ ಸಣ್ಣ ಎಳೆಗಳು ಕಲ್ಲಿಗೋ ಮರಕ್ಕೋ ಅಂಟಿಕೊಳ್ಳಲು ಮಾತ್ರ. ನೀರನ್ನು ಮೇಲಕ್ಕೆ ಸಾಗಿಸುವ ನಾಳಗಳೂ ಇಲ್ಲ. ಅದರ ಎಲೆಯ ಬಹುಭಾಗ ಒಂದೇ ಕೋಶದಷ್ಟು ತೆಳು. ಬೇಕಾದ ಪೋಷಕಾಂಶವನ್ನೆಲ್ಲ ಸುತ್ತಲಿನ ನೀರಿನಿಂದ ಮೈಯೆಲ್ಲ ಹೀರಿಕೊಳ್ಳುತ್ತದೆ. ಆದ್ದರಿಂದ ಮರಳಿನಲ್ಲಿ ಹೂಳುವ ಗೊಬ್ಬರದ ಗುಳಿಗೆಯಿಂದ ಅದಕ್ಕೆ ಮೂರು ಕಾಸಿನ ಪ್ರಯೋಜನವಿಲ್ಲ. ನೀರಿಗೆ ಬಿದ್ದ ವಿಷ ಮಾತ್ರ ನೇರವಾಗಿ ತಟ್ಟುತ್ತದೆ. ಬಸವನಹುಳು ಕೊಲ್ಲುವ ಔಷಧಿ, ಪಾಚಿನಾಶಕ ಎಂದು ಮಾರುವ ಎಷ್ಟೋ ಬಾಟಲಿಗಳಲ್ಲಿ ತಾಮ್ರದ ಲವಣ ಇರುತ್ತದೆ. ಪಾಚಿಗಿಂತ ಮೊದಲು ಮಾಸ್ ಸುಟ್ಟುಹೋಗುವುದು ಹೀಗೆ. ದ್ರವ ಕಾರ್ಬನ್ ಎಂಬ ಹೆಸರಿನಲ್ಲಿ ಬರುವ ಗ್ಲುಟರಾಲ್ಡಿಹೈಡ್ ಕೂಡ ಅಳತೆ ಮೀರಿದರೆ ಮಾಸ್‌ನ ಬಣ್ಣ ತೆಗೆದುಬಿಡುತ್ತದೆ.

ಒಳಭಾಗ ಕಂದಲು ಕಾರಣವೂ ಇದೇ ರಚನೆ. ಅಂಗಡಿಯಿಂದ ತಂದ ಹಿಡಿಯಷ್ಟು ಮಾಸ್ ಅನ್ನು ಹಾಗೇ ಉಂಡೆ ಮಾಡಿ ಬೊಡ್ಡೆಗೆ ಸುತ್ತಿರುತ್ತೀರಿ. ಹೆಚ್ಚಿನವರು ಮಾಡುವುದೇ ಹಾಗೆ. ತಂದ ದಿನವೇ ತುಂಬಿದಂತೆ ಕಾಣಬೇಕೆಂಬ ಆಸೆ. ಮೇಲಿನ ಪದರ ಬೆಳಕನ್ನು ತಡೆಯುತ್ತದೆ, ನೀರಿನ ಓಡಾಟವೂ ಒಳಗೆ ನಿಲ್ಲುತ್ತದೆ, ಮೀನಿನ ಹಿಕ್ಕೆ ಮತ್ತು ತಿನ್ನದೆ ಉಳಿದ ಆಹಾರ ಸಂದಿಯಲ್ಲಿ ಕೂರುತ್ತದೆ. ಕೆಳಗಿನ ಪದರ ಸತ್ತು ಕೊಳೆತಾಗ ಮರಕ್ಕೆ ಅಂಟಿದ್ದ ಹಿಡಿತವೇ ತಪ್ಪುತ್ತದೆ. ಫಿಲ್ಟರ್‌ಗೆ ಸಿಕ್ಕುತ್ತಿರುವ ತುಂಡುಗಳು ಹೀಗೆ ನೆಲೆ ಕಳೆದುಕೊಂಡವು.

ಈಗ ತುದಿಯ ಕಪ್ಪು ಕೂದಲು. ಒಂದು ತುಣುಕನ್ನು ಕತ್ತರಿಸಿ, ಬಿಳಿ ಬಟ್ಟಲಿಗೆ ಹಾಕಿ, ಔಷಧಿ ಅಂಗಡಿಯಲ್ಲಿ ಸಿಗುವ ಸರ್ಜಿಕಲ್ ಸ್ಪಿರಿಟ್ ಸುರಿದು ಒಂದು ರಾತ್ರಿ ಬಿಡಿ. ಮಾಸ್ ಎಲೆಯ ಹಸಿರು ಸ್ಪಿರಿಟ್‌ಗೆ ಇಳಿದು ಎಲೆ ಬಿಳಿಚಿಕೊಳ್ಳುತ್ತದೆ. ಆ ಕಪ್ಪು ಕೂದಲು ಮಾತ್ರ ಕೆಂಪಾಗಿ ತೋರಿದರೆ ಅದು ಕೆಂಪು ಪಾಚಿಯ ಗುಂಪಿಗೆ ಸೇರಿದ್ದು. ಹವ್ಯಾಸಿಗಳು ಕಪ್ಪು ಗಡ್ಡದ ಪಾಚಿ ಎನ್ನುವುದು ಇದನ್ನೇ. ತೊಟ್ಟಿಯಲ್ಲಿ ಕಪ್ಪಾಗಿ ಕಂಡರೂ ಒಳಗಿನ ಬಣ್ಣ ಕೆಂಪು; ಹಸಿರು ಕರಗಿದ ಮೇಲೆ ಅದು ಬಯಲಾಗುತ್ತದೆ. ಕೊಳೆ ಹೆಚ್ಚಿ ಬೆಳಕೂ ಹೆಚ್ಚಿದ ತೊಟ್ಟಿ ಇದಕ್ಕೆ ಹೇಳಿ ಮಾಡಿಸಿದ ಜಾಗ. ಗಾಜಿನ ಮೇಲೆ ಬಂದರೆ ಬ್ಲೇಡಿನಿಂದ ಕೆರೆಯಬಹುದು, ಅಗಲ ಎಲೆಯ ಗಿಡಕ್ಕೆ ಬಂದರೆ ಆ ಎಲೆ ಕಿತ್ತರೆ ಮುಗಿಯಿತು. ಮಾಸ್‌ಗೆ ಹತ್ತಿದರೆ ಬಿಡಿಸಿ ತೆಗೆಯಲು ಯಾರಿಂದಲೂ ಆಗದು. ಹೈಡ್ರೋಜನ್ ಪೆರಾಕ್ಸೈಡ್ ಚಿಮುಕಿಸಿ ಎಂಬ ಸಲಹೆ ನಿಮ್ಮ ಕಿವಿಗೂ ಬೀಳಬಹುದು. ಪಾಚಿಗೆ ಸಾಕಾಗುವಷ್ಟು ಹಾಕಿದರೆ ಮಾಸ್‌ಗೂ ಅದು ಸಾಕಾಗುತ್ತದೆ. ಅಂಟಿದ ಭಾಗವನ್ನು ಕತ್ತರಿಸಿ ಎಸೆಯುವುದೇ ದಾರಿ. ಎಸೆಯುವುದೆಂದರೆ ಕಸದ ಬುಟ್ಟಿಗೆ. ಕೆರೆಗೋ ವಿಶ್ವೇಶ್ವರಯ್ಯ ನಾಲೆಗೋ ಅಲ್ಲ.

ಹೊಸದಾಗಿ ಕಟ್ಟುವ ಕ್ರಮ ಹೇಳುತ್ತೇನೆ, ಭಾನುವಾರ ಒಂದು ಬೆಳಗ್ಗೆ ಬಿಡುವು ಮಾಡಿಕೊಳ್ಳಿ. ಅಗಲವಾದ ಬೇಸಿನ್‌ಗೆ ತೊಟ್ಟಿಯದೇ ನೀರು ತೆಗೆದುಕೊಂಡು ಬೊಡ್ಡೆಯನ್ನು ಅದರೊಳಗಿಡಿ. ಹಳೆಯ ದಾರ ಕತ್ತರಿಸಿ, ಮಾಸ್ ಅನ್ನು ನೀರಿನಲ್ಲಿ ಹರಡಿದರೆ ಹಸಿರು ಯಾವುದು, ಕಂದು ಯಾವುದು ಎಂದು ತಾನಾಗಿ ಕಾಣುತ್ತದೆ. ಕಪ್ಪು ಕೂದಲಿಲ್ಲದ ಹಸಿರು ತುದಿಗಳನ್ನು ಮಾತ್ರ ಎರಡು ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ ಬೇರೆ ಬಟ್ಟಲಿಗೆ ಹಾಕಿಕೊಳ್ಳಿ. ಒಂದು ಹಿಡಿ ಹಳೆಯ ಮಾಸ್‌ನಿಂದ ಎರಡು ಚಮಚದಷ್ಟು ಸಿಕ್ಕರೂ ಸಾಕು. ಉಳಿದುದರ ಮೇಲೆ ಕನಿಕರ ಬೇಡ. ಬೊಡ್ಡೆಯನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಕುದಿಯುವ ನೀರು ಹೊಯ್ದು ಆರಿಸಿ.

ಆರಿದ ಬೊಡ್ಡೆಯ ಮೇಲೆ ತುಣುಕುಗಳನ್ನು ಒಂದೇ ತೆಳು ಪದರವಾಗಿ ಹರಡಬೇಕು. ಸಂದಿಯಲ್ಲಿ ಮರ ಕಾಣುತ್ತಿರಬೇಕು. ಮೇಲೆ ದಾರ ಸುತ್ತುವಾಗ ಮೈಸೂರು ಮಲ್ಲಿಗೆ ಕಟ್ಟುವಂತೆ ಒತ್ತೊತ್ತಾಗಿ ಬಿಗಿಯಬೇಡಿ. ಒಂದು ಸುತ್ತಿಗೂ ಇನ್ನೊಂದಕ್ಕೂ ಸೆಂಟಿಮೀಟರಿನಷ್ಟು ಅಂತರವಿರಲಿ, ಮಾಸ್ ಜಾರದಷ್ಟು ಬಿಗಿಯಿದ್ದರೆ ಸಾಕು. ಯಾವ ದಾರ ಎಂಬುದು ಮಾಸ್‌ನ ಜಾತಿಯನ್ನು ಅವಲಂಬಿಸಿದೆ. ಕ್ರಿಸ್ಮಸ್ ಮಾಸ್ ಮರವನ್ನು ಚೆನ್ನಾಗಿ ಹಿಡಿಯುತ್ತದೆ, ಅದಕ್ಕೆ ಕಪ್ಪು ಹತ್ತಿ ದಾರ ಸಾಕು. ಕೆಲವು ವಾರಗಳಲ್ಲಿ ದಾರ ಕರಗುವ ಹೊತ್ತಿಗೆ ಗಿಡ ನಿಂತಿರುತ್ತದೆ. ಜಾವಾ ಮಾಸ್‌ನ ಹಿಡಿತ ಸಡಿಲ. ಹತ್ತಿ ದಾರ ಕರಗಿದ ಮೇಲೆ ಇಡೀ ಚಾಪೆ ಎದ್ದು ತೇಲುವುದುಂಟು. ಹಾಗಾಗಿ ಅದಕ್ಕೆ ಮೀನು ಹಿಡಿಯುವ ತೆಳು ನೈಲಾನ್ ಗಾಳದ ದಾರವೇ ಒಳ್ಳೆಯದು. ತಿಂಗಳೆರಡರಲ್ಲಿ ದಾರ ಹಸಿರಿನೊಳಗೆ ಮರೆಯಾಗುತ್ತದೆ. ಸಡಿಲ ಕುಣಿಕೆ ಮಾತ್ರ ಉಳಿಯಬಾರದು, ಗಪ್ಪಿಯ ಬಾಲ ಸಿಕ್ಕಿಕೊಂಡೀತು. ದಾರ ಬೇಡವೆನ್ನುವವರು ಸೈನೊಅಕ್ರಿಲೇಟ್ (ಸೂಪರ್ ಗ್ಲೂ) ಅಂಟಿನ ಜೆಲ್ ಬಳಸುತ್ತಾರೆ. ಅದರಿಂದ ಮೀನಿಗೆ ತೊಂದರೆಯಿಲ್ಲ, ಆದರೆ ನೀರು ತಾಗಿದೊಡನೆ ಬಿಳಿಯ ಕಲೆಯಾಗಿ ಗಟ್ಟಿಯಾಗುತ್ತದೆ. ಅಕ್ಕಿಕಾಳಿನಷ್ಟು ಇಟ್ಟರೆ ಸಾಕು. ಬೊಡ್ಡೆ ಸಿಗದಿದ್ದರೆ ತೆಂಗಿನ ಕರಟ ನಮ್ಮ ಕಡೆ ಪುಕ್ಕಟೆ ಸಿಗುವ ಒಳ್ಳೆಯ ಆಸರೆ. ನಾರು ಕೆರೆದು, ಒಳಗಿನ ಕಾಯಿಯ ಅಂಶ ಪೂರ್ತಿ ತೆಗೆದು, ನೀರು ಬದಲಿಸುತ್ತ ಕುದಿಸಿ. ಬಣ್ಣ ಬಿಡುವುದು ಕಡಿಮೆಯಾದ ಮೇಲೆ ಬಳಸಿ. ಕಲ್ಲಾದರೆ ಕಗ್ಗಲ್ಲು ಆಗಬಹುದು. ಸುಣ್ಣಕಲ್ಲು, ಅಮೃತಶಿಲೆಯ ಚೂರು ಬೇಡ. ನಿಂಬೆರಸ ಹಿಂಡಿದಾಗ ನೊರೆಯುಕ್ಕಿದರೆ ಆ ಕಲ್ಲನ್ನು ಹೊರಗಿಡಿ.

ಕಟ್ಟಿದ ಮೇಲೆ ಎರಡು ಮೂರು ವಾರ ಏನೂ ಬೆಳೆದಂತೆ ಕಾಣುವುದಿಲ್ಲ. ಜನ ಗೊಬ್ಬರ ಸುರಿಯುವುದೂ, ದೀಪದ ಅವಧಿ ಏರಿಸುವುದೂ ಈ ಹಂತದಲ್ಲೇ. ಸುಮ್ಮನಿರಿ. ಕತ್ತರಿಸಿದ ಜಾಗದಿಂದ ತೆಳು ಹಸಿರಿನ, ಸೂಜಿಮೊನೆಯಂಥ ಹೊಸ ಕುಡಿ ಹೊರಟರೆ ಗಿಡ ಹಿಡಿಯಿತೆಂದು ತಿಳಿಯಿರಿ. ಹಳೆಯ ಎಲೆ ಕಡುಹಸಿರು, ಹೊಸದು ತಿಳಿಹಸಿರು. ಭೂತಗಾಜು ಹಿಡಿದರೆ ವ್ಯತ್ಯಾಸ ಸ್ಪಷ್ಟ.

ದೀಪವನ್ನು ದಿನಕ್ಕೆ ಆರರಿಂದ ಏಳು ಗಂಟೆಗೆ ಇಳಿಸಿ. ಸಂಜೆ ನಾಲ್ಕರಿಂದ ಹತ್ತರವರೆಗೆ ಉರಿದರೆ ಮನೆಯವರೆಲ್ಲ ನೋಡುವ ಹೊತ್ತಿಗೆ ಬೆಳಕೂ ಇರುತ್ತದೆ. ಕೈಯಿಂದ ಹಾಕಿ ಆರಿಸುತ್ತೇನೆ ಎಂದರೆ ಒಂದು ವಾರ ನಡೆಯುತ್ತದೆ, ಮದುವೆಯೋ ಹಬ್ಬವೋ ಬಂದಾಗ ಮರೆಯುತ್ತದೆ; ಟೈಮರ್ ಹಾಕಿಸಿ ಎನ್ನುವುದು ಅದಕ್ಕೇ. ಹಜಾರದ ಕಿಟಕಿಯಿಂದ ನೇರ ಬಿಸಿಲು ತೊಟ್ಟಿಗೆ ಬೀಳುತ್ತಿದ್ದರೆ ಪರದೆ ಎಳೆಯಿರಿ. ಜಾವಾ ಮಾಸ್ ಮಂದ ಬೆಳಕಿನಲ್ಲಿ ನಿಧಾನವಾಗಿ ಬೆಳೆಯುತ್ತದೆ, ಅಷ್ಟೇ; ಸಾಯುವುದಿಲ್ಲ. ಬೆಳಕು ಹೆಚ್ಚಾದಾಗ ಅದಕ್ಕಿಂತ ವೇಗವಾಗಿ ಬೆಳೆಯುವ ಪಾಚಿ ಅದನ್ನು ಹಿಂದೆ ಹಾಕುತ್ತದೆ. ಕಾರ್ಬನ್ ಡೈಆಕ್ಸೈಡ್ ಕೊಟ್ಟರೆ ಮಾಸ್ ಬೇಗ, ದಟ್ಟವಾಗಿ ಬೆಳೆಯುವುದು ನಿಜ. ಪ್ರದರ್ಶನದ ತೊಟ್ಟಿ ಕಟ್ಟುವವರಿಗೆ ಅದು ಬೇಕು. ಗಪ್ಪಿ ಸಾಕುವ ಐವತ್ತು ಲೀಟರಿನ ತೊಟ್ಟಿಗೆ ಸಿಲಿಂಡರ್, ರೆಗ್ಯುಲೇಟರ್ ತಂದು ಕೂರಿಸುವುದು ನನ್ನ ಮಟ್ಟಿಗೆ ದುಂದು.

ಗೊಬ್ಬರವಂತೂ ಬೇಡವೇ ಬೇಡ. ಮೀನಿನ ಹಿಕ್ಕೆಯಲ್ಲೇ ಬೇಕಾದಷ್ಟಿದೆ. ಮಂಡ್ಯದವರಾದ್ದರಿಂದ ಒಂದು ಮಾತು ಸೇರಿಸುತ್ತೇನೆ: ಗದ್ದೆಗೆ ತಂದ ಯೂರಿಯಾ, ಡಿಎಪಿ ಮನೆಯಲ್ಲಿದೆಯೆಂದು ಒಂದು ಚಿಟಿಕೆ ತೊಟ್ಟಿಗೆ ಹಾಕುವವರಿದ್ದಾರೆ. ಅದರಿಂದ ನೀರಿನಲ್ಲಿ ಅಮೋನಿಯಾ ಏರಿ ಮಾಸ್ ಹಸಿರಾಗುವ ಮೊದಲು ಮೀನು ಸಾಯುತ್ತದೆ.

ನೀರಿನ ಬಗ್ಗೆ ನಿಮಗಿರುವ ಅಂಜಿಕೆ ಅತಿಯಾಯಿತು. ಟಿಡಿಎಸ್ ಮೀಟರ್ ಕರಗಿದ ಲವಣಗಳ ಒಟ್ಟು ಮೊತ್ತವನ್ನು ಅಂದಾಜು ಮಾಡುತ್ತದೆ. ಅದರಲ್ಲಿ ಸುಣ್ಣದಂಶ ಎಷ್ಟು, ಅಡುಗೆ ಉಪ್ಪಿನ ಅಂಶ ಎಷ್ಟು, ನೈಟ್ರೇಟ್ ಎಷ್ಟು ಎಂದು ಅದಕ್ಕೆ ಗೊತ್ತಾಗದು. 620 ನೋಡಿ ಗಾಬರಿಯಾಗುವಂಥದ್ದಿಲ್ಲ. ಗಪ್ಪಿಗಂತೂ ಗಡಸು ನೀರೇ ಇಷ್ಟ, ಜಾವಾ ಮಾಸ್ ಕೂಡ ಅದನ್ನು ಸಹಿಸುತ್ತದೆ. ನಾನು ನೋಡಬಯಸುವ ಸಂಖ್ಯೆ ನೈಟ್ರೇಟಿನದು. ಕಬ್ಬು, ಭತ್ತದ ಬಯಲಿನ ಕೊಳವೆಬಾವಿಗಳಿಗೆ ಗದ್ದೆಗೆ ಹಾಕಿದ ಗೊಬ್ಬರದ ಅಂಶ ಇಳಿಯುವ ಸಾಧ್ಯತೆಯಿದೆ. ಅಕ್ವೇರಿಯಂ ಅಂಗಡಿಯಲ್ಲಿ ಪರೀಕ್ಷಾ ಪಟ್ಟಿ ಸಿಗುತ್ತದೆ. ತೊಟ್ಟಿಯ ನೀರನ್ನೂ ನಲ್ಲಿಯ ನೀರನ್ನೂ ಎರಡನ್ನೂ ಪರೀಕ್ಷಿಸಿ. ಭಾರತೀಯ ಮಾನಕದಲ್ಲಿ ಕುಡಿಯುವ ನೀರಿನ ನೈಟ್ರೇಟ್ ಮಿತಿ ಲೀಟರಿಗೆ 45 ಮಿಲಿಗ್ರಾಂ. ನಲ್ಲಿಯ ನೀರೇ ಅದನ್ನು ದಾಟಿದ್ದರೆ ಎಷ್ಟು ಸಲ ನೀರು ಬದಲಿಸಿದರೂ ಪಾಚಿಗೆ ಊಟ ಬಡಿಸಿದಂತೆಯೇ. ಆಗ ಮಾತ್ರ ಅರ್ಧ ಆರ್‌ಒ ನೀರು, ಅರ್ಧ ಕೊಳವೆಬಾವಿ ನೀರು ಬೆರೆಸುವುದಕ್ಕೆ ಅರ್ಥವಿದೆ. ಮತ್ತು ನೀವು ಕುಡಿಯಲು ಬಳಸುವ ನೀರಿನ ಬಗ್ಗೆಯೂ ಯೋಚಿಸಬೇಕಾಗುತ್ತದೆ, ಅದು ಮೀನಿಗಿಂತ ದೊಡ್ಡ ವಿಷಯ. ಆರ್‌ಒ ಯಂತ್ರ ಹೊರಚೆಲ್ಲುವ ನೀರನ್ನು ಉಳಿತಾಯವೆಂದು ತೊಟ್ಟಿಗೆ ಹಾಕಬೇಡಿ, ಲವಣವೆಲ್ಲ ಅದರಲ್ಲೇ ಕೂಡಿರುತ್ತದೆ. ಉಪ್ಪು ಹಾಕಿ ನಡೆಸುವ ಸಾಫ್ಟ್‌ನರ್ ನೀರೂ ಬೇಡ; ಸುಣ್ಣದಂಶ ತೆಗೆದು ಆ ಜಾಗಕ್ಕೆ ಸೋಡಿಯಂ ಕೊಡುತ್ತದೆ.

ಮೈಸೂರಿನಲ್ಲಿ ಕಾವೇರಿ, ಕಬಿನಿ ನೀರು ಬಳಸುವ ಓದುಗರ ಪಾಡು ಬೇರೆ. ಆ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ಅಗಲ ಬಾಯಿಯ ಬಕೆಟ್‌ನಲ್ಲಿ ಒಂದು ಹಗಲು ಒಂದು ರಾತ್ರಿ ಇಟ್ಟರೆ, ಅಥವಾ ಸೋಡಿಯಂ ಥಯೋಸಲ್ಫೇಟ್ ದ್ರಾವಣ ಹಾಕಿದರೆ ಹೋಗುತ್ತದೆ. ನಿಮ್ಮ ಕೊಳವೆಬಾವಿ ನೀರಿಗೆ ಈ ಗೋಜಿಲ್ಲ, ಸಂಪು ತೊಳೆದಾಗ ಬ್ಲೀಚಿಂಗ್ ಪೌಡರ್ ಹಾಕುವ ದಿನವೊಂದನ್ನು ಬಿಟ್ಟು. ಅಂದು ತೊಟ್ಟಿಯ ನೀರು ಬದಲಿಸಬೇಡಿ.

ಬೇಸಿಗೆಯನ್ನು ಪ್ರತ್ಯೇಕವಾಗಿ ಹೇಳಬೇಕು. ಏಪ್ರಿಲ್‌ನಲ್ಲಿ ಮಂಡ್ಯದ ಹಜಾರದೊಳಗೆ ತೊಟ್ಟಿಯ ನೀರು 30 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಕಷ್ಟವೇನಲ್ಲ. ಜಾವಾ ಮಾಸ್ 30ರವರೆಗೆ ತಾಳಿಕೊಳ್ಳುತ್ತದೆ, ಆದರೆ 20ರಿಂದ 26ರ ನಡುವೆ ಅದರ ಬೆಳವಣಿಗೆ ಸೊಗಸು. ಕ್ರಿಸ್ಮಸ್ ಮಾಸ್‌ಗೆ ಇನ್ನೂ ತಂಪು ಬೇಕು. ಮುಚ್ಚಳ ತೆಗೆದು, ಮೇಲೆ ಬಲೆ ಹಾಸಿ, ಸಣ್ಣ ಮೇಜಿನ ಫ್ಯಾನ್ ನೀರಿನ ಮೇಲ್ಮೈಗೆ ಬೀಸುವಂತಿಟ್ಟರೆ ಆವಿಯಾಗುವ ನೀರು ಎರಡು ಮೂರು ಡಿಗ್ರಿ ಬಿಸಿಯನ್ನು ಒಯ್ಯುತ್ತದೆ. ಇದರಲ್ಲೊಂದು ತೊಡಕಿದೆ. ಆವಿಯಾಗುವುದು ನೀರು ಮಾತ್ರ, ಲವಣ ತೊಟ್ಟಿಯಲ್ಲೇ ಉಳಿಯುತ್ತದೆ. ದಿನಕ್ಕೆ ಒಂದು ಲೀಟರ್ ಆವಿಯಾಗಿ, ಆ ಜಾಗಕ್ಕೆ ನೀವು ನಿಮ್ಮ 620ರ ನೀರನ್ನೇ ತುಂಬುತ್ತ ಹೋದರೆ ಐವತ್ತು ಲೀಟರಿನ ತೊಟ್ಟಿಯ ಟಿಡಿಎಸ್ ಒಂದು ತಿಂಗಳಲ್ಲಿ ಸಾವಿರದ ಹತ್ತಿರ ಬರುತ್ತದೆ. ಅಡುಗೆಮನೆಯ ಆರ್‌ಒ ನೀರು ನಿಮಗೆ ಉಪಯೋಗಕ್ಕೆ ಬರುವುದು ಇಲ್ಲಿ: ಕಡಿಮೆಯಾದಷ್ಟನ್ನು ತುಂಬಲು ಅದು, ವಾರದ ನೀರು ಬದಲಾವಣೆಗೆ ಕೊಳವೆಬಾವಿಯದು. ತಾರಸಿಯಿಂದ ಹಿಡಿದ ಮಳೆನೀರಿದ್ದರೆ, ಮೊದಲ ಮಳೆಯದನ್ನು ಚೆಲ್ಲಿ ಮುಂದಿನದನ್ನು ಬಳಸಿದರೂ ಆಯಿತು.

ಮೀನಿನ ವಿಷಯಕ್ಕೆ ಬಂದರೆ ಎರಡು ಗೋಲ್ಡ್‌ಫಿಶ್‌ಗಳನ್ನು ಬೇರೆ ಕಡೆ ಸಾಗಿಸಿ. ಒಂದು ಗೋಲ್ಡ್‌ಫಿಶ್ ಹಲವು ಗಪ್ಪಿಗಳಷ್ಟು ಹಿಕ್ಕೆ ಹಾಕುತ್ತದೆ, ಸಿಕ್ಕ ಹಸಿರನ್ನೆಲ್ಲ ಎಳೆದು ಮೆಲ್ಲುತ್ತದೆ, ಗಪ್ಪಿಗಿಂತ ತಂಪು ನೀರನ್ನು ಬಯಸುತ್ತದೆ, ಎರಡು ಅಡಿಯ ತೊಟ್ಟಿ ಅದಕ್ಕೆ ಚಿಕ್ಕದೂ ಹೌದು. ಅದು ಮಾಸ್ ಕೀಳುವುದನ್ನು ಬಿಡುತ್ತದೆ ಎಂದು ಕಾದು ಕೂರಬೇಡಿ. ಗಪ್ಪಿಗಳಿಗೆ ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಿ. ಬಂದ ನೆಂಟರ ಮಕ್ಕಳ ಕೈಗೆ ಡಬ್ಬಿ ಸಿಗದಿರಲಿ. ಚೆರ್ರಿ ಎಂಬ ಸಣ್ಣ ಸಿಗಡಿಗಳನ್ನು ತೊಟ್ಟಿಗೆ ತಂದು ಹಾಕಿದರೆ ಅವು ಮಾಸ್‌ನ ಎಲೆಯೆಲೆಯನ್ನೂ ಕೆದಕಿ ಅಲ್ಲಿನ ಸಣ್ಣ ಕೊಳೆ ತಿನ್ನುತ್ತವೆ, ನೋಡಲೂ ಚೆಂದ. ಜಪಾನಿನ ತಕಾಶಿ ಅಮಾನೋ 1980ರ ದಶಕದಲ್ಲಿ ಗಿಡದ ತೊಟ್ಟಿಗಳ ಪಾಚಿ ನಿಯಂತ್ರಣಕ್ಕೆ ಬಳಸಿ ಹೆಸರಾದ ಸಿಗಡಿ ಬೇರೆ ಜಾತಿ, ಗಾತ್ರದಲ್ಲಿ ದೊಡ್ಡದು, ಕೂದಲು ಪಾಚಿಯನ್ನು ಇನ್ನೂ ಚೆನ್ನಾಗಿ ತಿನ್ನುತ್ತದೆ. ಇಂದಿಗೂ ಅವರ ಹೆಸರಿನಿಂದಲೇ ಮಾರಾಟವಾಗುತ್ತದೆ. ನಿಮಗೆ ಸದ್ಯಕ್ಕೆ ಚೆರ್ರಿ ಸಾಕು, ಗೋಲ್ಡ್‌ಫಿಶ್ ಹೋದ ಮೇಲೆ.

ಮುಂದಿನ ಆರೈಕೆ ಹೆಚ್ಚೇನಿಲ್ಲ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸುವಾಗ, ಸೂಜಿ ತೆಗೆದ ದೊಡ್ಡ ಸಿರಿಂಜಿನಿಂದ ಮಾಸ್‌ನೊಳಕ್ಕೆ ತೊಟ್ಟಿಯ ನೀರನ್ನೇ ಮೆಲ್ಲಗೆ ಚಿಮ್ಮಿಸಿ. ಬೂದು ಮೋಡದಂತೆ ಕೊಳೆ ಏಳುತ್ತದೆ, ಪೈಪಿನಿಂದ ಎಳೆದುಬಿಡಿ. ಮಾಸ್ ಒಂದೂವರೆ ಸೆಂಟಿಮೀಟರ್ ದಪ್ಪ ದಾಟಿದಾಗ ಕತ್ತರಿಸಿ. ಹಚ್ಚಗೆ ಬೆಳೆದದ್ದನ್ನು ಕತ್ತರಿಸಲು ಕೈ ಬರುವುದಿಲ್ಲ ಎಂದು ಎಷ್ಟೋ ಜನ ಹೇಳುತ್ತಾರೆ. ಹಾಗೆ ಬಿಟ್ಟವರ ಮಾಸ್ ಮತ್ತೆ ಬುಡದಿಂದ ಕೊಳೆಯುತ್ತದೆ. ಕತ್ತರಿಸುವ ಮುನ್ನ ಫಿಲ್ಟರ್ ನಿಲ್ಲಿಸಿ, ಚೂರುಗಳನ್ನು ಸಣ್ಣ ಬಲೆಯಿಂದ ಪೂರ್ತಿ ಹಿಡಿದ ಮೇಲಷ್ಟೇ ಚಾಲೂ ಮಾಡಿ. ಬಿಟ್ಟ ಚೂರು ಮರಳಿನ ಮೇಲೆ, ಬೇರೆ ಗಿಡದ ಬುಡದಲ್ಲಿ, ಎಲ್ಲೆಂದರಲ್ಲಿ ಬೆಳೆಯುತ್ತದೆ. ಫಿಲ್ಟರ್‌ನ ನೀರೆಳೆಯುವ ಬಾಯಿಗೆ ಸ್ಪಂಜಿನ ತೊಡುಗೆ ಹಾಕಿದರೆ ಗಪ್ಪಿ ಮರಿಗಳೂ ಉಳಿಯುತ್ತವೆ. ಒಳ್ಳೆಯ ಚೂರನ್ನು ಒಂದು ಉಪ್ಪಿನಕಾಯಿ ಜಾಡಿಯಲ್ಲಿ ತೊಟ್ಟಿಯ ನೀರು ಹಾಕಿ, ನೇರ ಬಿಸಿಲು ಬೀಳದ ಕಿಟಕಿಯಲ್ಲಿಟ್ಟುಕೊಳ್ಳಿ. ಆಗಾಗ ನೀರು ಬದಲಿಸಿದರೆ ತಿಂಗಳುಗಟ್ಟಲೆ ಇರುತ್ತದೆ. ತೊಟ್ಟಿಗೆ ಏನಾದರೂ ಆದರೆ ಮೈಸೂರಿಗೆ ಮತ್ತೆ ಬಸ್ ಹತ್ತಬೇಕಾಗಿಲ್ಲ.

ಹೊಸ ಮಾಸ್ ಕೊಂಡಾಗಲೂ ಮೊದಲ ಎರಡು ವಾರ ಇಂಥದ್ದೇ ಜಾಡಿಯಲ್ಲಿಡಿ. ಬಯಲು ತೊಟ್ಟಿಗಳಲ್ಲಿ ಬೆಳೆದ ಮಾಸ್‌ನೊಳಗೆ ಬಸವನಹುಳುವಿನ ಮೊಟ್ಟೆ, ಕೊಡತಿಹುಳುವಿನ ಮರಿ ಅಡಗಿ ಬರುವುದುಂಟು. ಕೊಡತಿಯ ಮರಿ ಗಪ್ಪಿ ಮರಿಯನ್ನು ಹಿಡಿದು ತಿನ್ನುತ್ತದೆ. ಹೆಸರಿನ ವಿಷಯದಲ್ಲಿ ಅಂಗಡಿಯ ಚೀಟಿಯನ್ನು ಪೂರ್ತಿ ನಂಬಬೇಡಿ. ಜಾವಾ ಮಾಸ್‌ನ ಶಾಸ್ತ್ರೀಯ ಹೆಸರು ಟ್ಯಾಕ್ಸಿಫಿಲಮ್ ಬಾರ್ಬಿಯೆರಿ, ಆದರೆ ವ್ಯಾಪಾರದಲ್ಲಿ ಬಹುಕಾಲ ವೆಸಿಕ್ಯುಲೇರಿಯಾ ಡುಬಿಯಾನಾ ಎಂದೇ ಓಡಾಡಿತು. ಆ ಹೆಸರು ಸೇರಬೇಕಾದದ್ದು ಸಿಂಗಪುರ್ ಮಾಸ್‌ಗೆ. ಕೊಂಬೆ ತ್ರಿಕೋನಾಕಾರದಲ್ಲಿ ಕವಲೊಡೆದು ಒಂದರ ಮೇಲೊಂದು ಬಾಗಿದ್ದರೆ ಕ್ರಿಸ್ಮಸ್ ಮಾಸ್, ಉರಿಯ ನಾಲಗೆಯಂತೆ ತಿರುಚಿಕೊಂಡು ಮೇಲೇರಿದರೆ ಫ್ಲೇಮ್ ಮಾಸ್, ಕೆಳಕ್ಕೆ ಜೋತರೆ ವೀಪಿಂಗ್ ಮಾಸ್. ಗುಂಡಗಿನ ಹಸಿರು ಚೆಂಡನ್ನು ಮಾಸ್ ಬಾಲ್ ಎಂದು ಮಾರುತ್ತಾರಲ್ಲ, ಅದು ಮಾಸ್ ಅಲ್ಲವೇ ಅಲ್ಲ, ತಂಪು ಕೆರೆಗಳಲ್ಲಿ ಬೆಳೆಯುವ ಒಂದು ಹಸಿರು ಪಾಚಿ. ನಮ್ಮ ಬೇಸಿಗೆಗೆ ಹೊಂದುವುದಿಲ್ಲ. ನಿಮಗೆ ಜಾವಾ ಬಿಟ್ಟು ಬೇರೆ ಬೇಕೆನಿಸಿದರೆ ಮಳೆಗಾಲ ಹಿಡಿದ ಮೇಲೆ ಕ್ರಿಸ್ಮಸ್ ಮಾಸ್ ತನ್ನಿ, ಮಾರ್ಚ್‌ನಲ್ಲಿ ತರಬೇಡಿ.

ಮಗ ತಂದ ಮಡಿಕೇರಿಯ ಮಾಸ್ ತೊಟ್ಟಿಗೆ ಬೇಡ. ಅದು ಗಾಳಿಯಲ್ಲಿ, ಮಳೆ ಮಂಜಿನಲ್ಲಿ ಬೆಳೆಯುವ ನೆಲದ ಮಾಸ್. ನೀರಿನಲ್ಲಿ ಮುಳುಗಿಸಿದರೆ ಕೆಲವು ವಾರ ಹಸಿರಾಗಿಯೇ ಕಾಣುವುದರಿಂದ ಬೇರು ಹಿಡಿಯಿತೆಂಬ ಭ್ರಮೆಯಾಗುತ್ತದೆ, ಆಮೇಲೆ ಕೊಳೆತು ನೀರು ಕೆಡುತ್ತದೆ. ಕಾಡಿನ ಬಂಡೆಯಿಂದ ಕೆರೆದು ತರುವುದೂ ಸರಿಯಲ್ಲ, ಅಲ್ಲಿ ಮತ್ತೆ ಅಷ್ಟು ಬೆಳೆಯಲು ವರ್ಷಗಳೇ ಬೇಕು. ತಂದದ್ದನ್ನು ಈಗ ಎಸೆಯಬೇಕಾಗಿಲ್ಲ. ಮುಚ್ಚಳವಿರುವ ಅಗಲ ಗಾಜಿನ ಡಬ್ಬಿಯ ತಳಕ್ಕೆ ಸಣ್ಣ ಜಲ್ಲಿ, ಅದರ ಮೇಲೆ ತೆಳುವಾಗಿ ತೆಂಗಿನ ನಾರಿನ ಪುಡಿ ಹಾಕಿ, ಮಾಸ್ ಅನ್ನು ಒತ್ತಿಟ್ಟು ಮಳೆನೀರು ಸಿಂಪಡಿಸಲಿ. ನೆರಳಿನ ಬೆಳಕಿರುವ ತಣ್ಣನೆಯ ಮೂಲೆಯಲ್ಲಿಟ್ಟು, ದಿನಕ್ಕೆ ಸ್ವಲ್ಪ ಹೊತ್ತು ಮುಚ್ಚಳ ತೆರೆದರೆ ಬೂಷ್ಟು ಕಟ್ಟುವುದಿಲ್ಲ. ನಿಮ್ಮ ಕೊಳವೆಬಾವಿ ನೀರನ್ನು ಮಾತ್ರ ಅದಕ್ಕೆ ಸಿಂಪಡಿಸಬಾರದು, ಆರಿದಾಗಲೆಲ್ಲ ಎಲೆಯ ಮೇಲೆ ಸುಣ್ಣದ ಬಿಳಿ ಉಳಿಯುತ್ತದೆ.